ಎರಡು ಆಕ್ಸಿಲರೇಟರ್ ಕೇಬಲ್ ಸುಟ್ಟ ಜಿಪ್ಸಿ: ಎಂಜಿನ್ ಬದಲಾಯಿಸಿದ ಮೇಲೆ ವೈರಿಂಗ್ ಫಾಲ್ಟ್ ಹುಡುಕಿದ್ದು

ಗಾಡಿ ನಮ್ಮ ಭಾವಂದು, 1997ರ ಮಾರುತಿ ಜಿಪ್ಸಿ ಕಿಂಗ್, ಸಕಲೇಶಪುರದ ಆಚೆ ತೋಟದಲ್ಲಿ ಇರೋದು. ಕಾರ್ಬುರೇಟರ್ ಗಾಡಿ, ಜಿ13ಬಿಎ ಎಂಜಿನ್, 1298 ಸಿಸಿ. ಇಪ್ಪತ್ತೈದು ವರ್ಷದ ಮೇಲೆ ಕಾಫಿ ಮೂಟೆ ಗೊಬ್ಬರ ಅಂತ ಹೊತ್ತು ಹೊತ್ತು ಎಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡಿತ್ತು, ರೀಬೋರ್ ಮಾಡ್ಸೋಣ ಅಂತ ಹೋದವರಿಗೆ ಯಾರೋ ಮಾರುತಿ ಎಸ್ಟೀಮ್ ಕಾರಿಂದು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನ ಇಂಜೆಕ್ಟರ್ ಚಿಮ್ಮಿಸೋ) ಎಂಜಿನ್ ಕೂರಿಸಿ, ಅದೂ 1298 ಸಿಸಿನೇ, ಅದೇ ಜಿ13 ಜಾತಿ, ಗೇರ್‌ಬಾಕ್ಸಿಗೆ ಹಾಗೇ ಕೂರುತ್ತೆ, ಮೈಲೇಜೂ ಬರುತ್ತೆ ಪವರೂ ಬರುತ್ತೆ ಅಂತ ತಲೆಗೆ ಹಾಕಿದ್ರು. ಕಂಪ್ನಿನೇ 2000ದಲ್ಲಿ ಜಿಪ್ಸಿಗೆ ಈ ಜಿ13ಬಿಬಿ ಹಾಕಿತ್ತು, 60 ಬಿಎಚ್‌ಪಿ ಇದ್ದಿದ್ದು 80 ಆಗಿದ್ದು ಆವಾಗ್ಲೇ. ಹಾಗಾಗಿ ಐಡಿಯಾ ಏನೂ ಹುಚ್ಚು ಐಡಿಯಾ ಅಲ್ಲ.

ಎಂಜಿನ್ನು, ಅದರ ವೈರಿಂಗ್ ಸೆಟ್ಟು, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಸೆನ್ಸರ್ ಎಲ್ಲ ಒಂದೇ ಗಾಡಿಯಿಂದ ಬಿಚ್ಚಿದ್ದು ಬೆಂಗಳೂರಿನ ಗುಜರಿಯಿಂದ ಬಂತು. ಮೆಕ್ಯಾನಿಕ್ ಕೆಲಸ ಚೆನ್ನಾಗೇ ಆಗಿತ್ತು ಅದನ್ನ ಹೇಳ್ಲೇಬೇಕು, ಹಳೆ ಎಂಜಿನ್ನಿನ ಸಂಪ್ (ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟಿ), ಮೌಂಟು ಎಲ್ಲ ಇದಕ್ಕೆ ಹಾಕಿ, ಟ್ಯಾಂಕಿಗೆ ಎಲೆಕ್ಟ್ರಿಕ್ ಪಂಪ್ ಇಳಿಸಿ (ಕಾರ್ಬುರೇಟರ್ ಗಾಡಿದು ಎಂಜಿನ್ನಿಂದಲೇ ಓಡೋ ಸಣ್ಣ ಪಂಪು, ಇಂಜೆಕ್ಟರಿಗೆ ಆ ಪ್ರೆಶರ್ ಸಾಲಲ್ಲ) ಹನ್ನೆರಡು ದಿನಕ್ಕೆ ಎಂಜಿನ್ ಕೂತಿತ್ತು. ಆಮೇಲೆ ಒಂದೂವರೆ ತಿಂಗಳು ಗಾಡಿ ಶೆಡ್ ಬಿಟ್ಟು ಸರಿಯಾಗಿ ಆಚೆ ಹೋಗ್ಲಿಲ್ಲ.

ನಾನು ಆಟೋ ಎಲೆಕ್ಟ್ರಿಷಿಯನ್ ಅಲ್ಲ, ಹಾಸನದಲ್ಲಿ ಪಂಪ್‌ಸೆಟ್ ಸ್ಟಾರ್ಟರು, ಪ್ಯಾನಲ್ ಬೋರ್ಡು ರಿಪೇರಿ ಮಾಡೋನು. ಭಾವ ಫೋನ್ ಮಾಡಿ, "ಮಾರಾಯ, ಮೂರು ಜನ ನೋಡಿ ಆಯ್ತು, ಎಲ್ಲರೂ ಇಸಿಯು ಹೋಗಿದೆ ಅಂತಾರೆ, ಇನ್ನೊಂದು ಇಸಿಯು ತಂದೂ ಆಯ್ತು, ಅದೇ ಕಥೆ. ಒಂದ್ಸಲ ಬಂದು ನೋಡು" ಅಂದ್ರು. ಭಾನುವಾರ ಮೀಟರು, ಟೆಸ್ಟ್ ಲ್ಯಾಂಪು ಎತ್ಕೊಂಡು ಹೋದೆ. ಒಂದು ಭಾನುವಾರದ ಕೆಲಸ ಅಂದ್ಕೊಂಡಿದ್ದು ನಾಲ್ಕು ಭಾನುವಾರ ಆಯ್ತು, ಯಾಕಂದ್ರೆ ಫಾಲ್ಟ್ ಒಂದಲ್ಲ ನಾಲ್ಕಿತ್ತು, ಅದ್ರಲ್ಲಿ ಒಂದನ್ನ ಮಾಡಿದ್ದು ನಾನೇ.

ಬಾನೆಟ್ ಎತ್ತಿದ ತಕ್ಷಣ ಕಂಡಿದ್ದು ಏನಂದ್ರೆ ಎಸ್ಟೀಮಲ್ಲಿ ಎಂಜಿನ್ ಅಡ್ಡ ಕೂರುತ್ತೆ, ಜಿಪ್ಸಿಲಿ ಉದ್ದಕ್ಕೆ. ಎಂಜಿನ್ ಅದೇ ಆದ್ರೂ ವೈರಿಂಗ್ ಸೆಟ್ಟಿನ ಒಂದೊಂದು ಕಪ್ಲರ್ (ವೈರ್ ಸಿಕ್ಕಿಸೋ ಪ್ಲಗ್) ಬರೋ ಜಾಗ ಬೇರೆ, ಒಂದು ಕಡೆ ಒಂದೂವರೆ ಅಡಿ ಸಾಲ್ದು, ಇನ್ನೊಂದು ಕಡೆ ಎರಡಡಿ ಜಾಸ್ತಿ. ಸಾಲದ ಕಡೆ ಸಿಕ್ಕಿದ ವೈರ್ ಹಾಕಿ ತಿರುಚಿ ಟೇಪ್ ಸುತ್ತಿದ್ರು, ಜಾಸ್ತಿ ಇದ್ದಿದ್ದನ್ನ ಮಡಚಿ ಕಟ್ಟಿದ್ರು. ಹದಿನೇಳು ಜಾಯಿಂಟ್ ಎಣಿಸಿದೆ. ಎಲ್ಲಾ ಕಿತ್ತು ಹೊಸದಾಗಿ ಮಾಡ್ಬೇಕು ಅನ್ನಿಸ್ತು, ಆದ್ರೆ ಹಾಗೆ ಮಾಡಿದ್ರೆ ಫಾಲ್ಟ್ ಏನಿತ್ತು ಅಂತ ಗೊತ್ತೇ ಆಗಲ್ಲ, ಹೊಸ ಫಾಲ್ಟ್ ಬೇರೆ ಸೇರುತ್ತೆ. ಕೈ ಹಾಕ್ದೆ ಮೊದ್ಲು ಗಾಡಿ ಏನು ಮಾಡುತ್ತೆ ಅಂತ ಸುಮ್ನೆ ನೋಡಿದೆ.

ಸೆಲ್ಫ್ ಹೊಡೆದ್ರೆ ತಿರುಗುತ್ತೆ, ಹಿಡಿಯಲ್ಲ. ಹತ್ತು ಸಲ ಹೊಡೆದ್ರೆ ಒಂದ್ಸಲ ಹಿಡಿಯುತ್ತೆ, ಅದೂ ಯಾವಾಗ ಅಂದ್ರೆ ಕೀ ಬಿಟ್ಟ ಆ ಕ್ಷಣದಲ್ಲಿ, ಸೆಲ್ಫ್ ನಿಲ್ತಾ ಎಂಜಿನ್ ಇನ್ನೂ ಅರ್ಧ ಸುತ್ತು ತಿರುಗ್ತಾ ಇರುತ್ತಲ್ಲ ಆವಾಗ 'ಬುರ್ರ್' ಅನ್ನುತ್ತೆ. ಭಾವ ಇದನ್ನ ಎಲ್ಲರಿಗೂ ಹೇಳಿದ್ರಂತೆ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ. ನನಗೆ ಅಲ್ಲೇ ಅರ್ಧ ಉತ್ತರ ಸಿಕ್ತು. ಸೆಲ್ಫ್ ಹೊಡೆಯುವಾಗ ಕರೆಂಟ್ ಇಲ್ಲ, ಬಿಟ್ಟಾಗ ಇದೆ. ಕೀ ಆನ್ ಇಟ್ಟು ಇಸಿಯುಗೆ ಬರೋ ಇಗ್ನಿಷನ್ ವೈರ್ ನೋಡಿದೆ 12.4 ವೋಲ್ಟ್, ಭಾವನಿಗೆ ಸೆಲ್ಫ್ ಹೊಡೀರಿ ಅಂದೆ, ಮೀಟರು ಸೊನ್ನೆ. ಇಗ್ನಿಷನ್ ಲೈನ್ ಅಂತ ಕೊಟ್ಟಿದ್ದು ರೇಡಿಯೋ ಲೈನು. ಕೀ ಸ್ವಿಚ್ಚಲ್ಲಿ ಆಕ್ಸೆಸರಿ ಅಂತ ಒಂದು ಟರ್ಮಿನಲ್ ಇರುತ್ತೆ, ರೇಡಿಯೋ, ಲೈಟರಿಗೆಲ್ಲ ಅದೇ, ಸೆಲ್ಫ್ ಹೊಡೆಯೋ ಪೊಸಿಷನ್ನಲ್ಲಿ ಬ್ಯಾಟರಿ ಪೂರ್ತಿ ಸೆಲ್ಫಿಗೇ ಸಿಗ್ಲಿ ಅಂತ ಅದು ಬೇಕಂತಲೇ ಕಟ್ ಆಗುತ್ತೆ. ಕೀ ಆನ್ ಇಟ್ಟು ಚೆಕ್ ಮಾಡಿದವರಿಗೆಲ್ಲ 12 ವೋಲ್ಟ್ ಕಂಡಿದೆ, ಸಪ್ಲೈ ಸರಿ ಇದೆ ಇಸಿಯು ಹೋಗಿದೆ ಅಂತ ಬರ್ದುಕೊಟ್ಟಿದ್ದಾರೆ.

ಆನ್‌ನಲ್ಲೂ ಸ್ಟಾರ್ಟ್‌ನಲ್ಲೂ ಇರೋ ಟರ್ಮಿನಲ್ ಹುಡುಕಿ ಅದಕ್ಕೆ ಕೊಡ್ಬೇಕಿತ್ತು, ಆದ್ರೆ ಹಳೆ ಕೀ ಸ್ವಿಚ್ಚಿನ ಮೇಲೆ ಹೊಸ ಲೋಡ್ ಯಾಕೆ ಅಂತ ಒಂದು ರಿಲೇ ಹಾಕಿದೆ (ಅದರ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ರೆ ದೊಡ್ಡ ಕರೆಂಟಿನ ಸ್ವಿಚ್ ಎಳೆಯುತ್ತೆ). ಆ ಟರ್ಮಿನಲ್ಲಿಂದ ವೈರ್ ಬಂದು ರಿಲೇಯ 86ನೇ ನಂಬರ್ ಕಾಲಿಗೆ, 85 ಅರ್ಥ್, 30 ಬ್ಯಾಟರಿಯಿಂದ ಫ್ಯೂಸ್ ಮೂಲಕ, 87ರಿಂದ ಹೊಸ ಎಂಜಿನ್ನಿನ ಇಗ್ನಿಷನ್ ಲೈನು. ಚೊಕ್ಕ ಕೆಲಸ ಅಂತ ನನಗೇ ಖುಷಿ ಆಗಿತ್ತು. ಈ ರಿಲೇ ನೆನಪಿಟ್ಕೊಳ್ಳಿ, ಮುಂದೆ ನನ್ನ ಮರ್ಯಾದೆ ತೆಗೆದಿದ್ದು ಇದೇ.

ಗಾಡಿ ಸ್ಟಾರ್ಟ್ ಆಯ್ತು. ಊಟ ಮಾಡಿ ಹಾಸನಕ್ಕೆ ಬಂದೆ. ಬುಧವಾರ ಫೋನು, ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಯಲ್ಲ, ಮಧ್ಯಾಹ್ನ ಹಿಡಿಯುತ್ತೆ. ಹೆಡ್‌ಲೈಟ್ ಹಾಕಿದ್ರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತೆ, ಆಫ್ ಮಾಡಿದ್ರೆ ಇಳಿಯುತ್ತೆ. ಆಮೇಲೆ ಫೋನ್ ಇಡೋ ಹೊತ್ತಿಗೆ, "ಇನ್ನೊಂದು, ಅದು ವೈರಿಂಗ್ ವಿಷ್ಯ ಅಲ್ಲ ಬಿಡು, ಆಕ್ಸಿಲರೇಟರ್ ಮತ್ತೆ ಬಿಗಿ ಆಗಿದೆ, ಈಗ ಮೊನ್ನೆ ತಾನೇ ಹೊಸ ಕೇಬಲ್ ಹಾಕ್ಸಿದ್ದು, ಇದು ಎರಡನೇದು" ಅಂದ್ರು.

ಮನೇಲಿ ನ್ಯೂಟ್ರಲ್ ಲೂಸ್ ಆದಾಗ ಏನಾಗುತ್ತೆ ನೋಡಿದವರಿಗೆ ಇದು ಹೊಳೀಬೇಕು. ನ್ಯೂಟ್ರಲ್ ಬಿಟ್ಟುಹೋದ್ರೆ ಕರೆಂಟು ನಿಲ್ಲಲ್ಲ, ವಾಪಸ್ ಹೋಗೋಕೆ ಬೇರೆ ದಾರಿ ಹುಡುಕುತ್ತೆ, ಆ ದಾರಿಲಿ ಏನಿದೆಯೋ ಅದು ಸುಡುತ್ತೆ. ಗಾಡೀಲಿ ಬ್ಯಾಟರಿಯ ನೆಗೆಟಿವ್ ಬಾಡಿಗೆ, ಎಂಜಿನ್ನಿಗೆ ಕಟ್ಟಿರ್ತಾರೆ, ಅದೇ ವಾಪಸ್ ದಾರಿ, ನಾವು ಅರ್ಥ್ ಅನ್ನೋದು. ಸೆಲ್ಫ್ ನೂರು ನೂರೈವತ್ತು ಆಂಪಿಯರ್ ಎಳೆಯುತ್ತೆ, ಅಷ್ಟೂ ಎಂಜಿನ್ ಬ್ಲಾಕಿಂದ ಬ್ಯಾಟರಿಗೆ ವಾಪಸ್ ಬರ್ಬೇಕು. ಅರ್ಥ್ ಸರಿ ಇಲ್ಲ ಅಂದ್ರೆ ಎಂಜಿನ್ನಿಗೂ ಬಾಡಿಗೂ ನಡುವೆ ಇನ್ನೇನು ಕಬ್ಬಿಣ ಇದೆ? ಆಕ್ಸಿಲರೇಟರ್ ಕೇಬಲ್. ಒಳಗಿನ ತಂತಿ ಹೀಟರ್ ಕಾಯಿಲ್ ಥರ ಕಾದು ಒಳಗಡೆ ಪ್ಲಾಸ್ಟಿಕ್ ಲೈನರ್ ಕರಗಿ ಅಂಟ್ಕೊಂಡು ಕೇಬಲ್ ಬಿಗಿ ಆಗಿತ್ತು. ಮುಂದಿನ ಭಾನುವಾರ ಹೋಗಿ ಮೊದಲು ಮಾಡಿದ ಕೆಲಸ ಕೇಬಲ್ ಮೇಲೆ ಕೈ ಇಟ್ಕೊಂಡು ಸೆಲ್ಫ್ ಹೊಡಿಸಿದ್ದು. ಐದಾರು ಸೆಕೆಂಡಿಗೆ ಕೈ ಕಿತ್ಕೊಂಡೆ.

ಈಗ ಎಲ್ಲಿ ಕೆಟ್ಟಿದೆ ಅನ್ನೋದು. ಮೆಕ್ಯಾನಿಕ್ ಅಣ್ಣ ಅಲ್ಲೇ ಇದ್ರು, "ಅರ್ಥ್ ನಾನು ನೋಡಿದೀನಿ, ಬೀಪ್ ಬರುತ್ತೆ" ಅಂದ್ರು, ಮೀಟರನ್ನ ಕಂಟಿನ್ಯುಟಿಗೆ ಇಟ್ಟು ಬ್ಲಾಕಿಗೂ ಬಾಡಿಗೂ ತೋರ್ಸಿದ್ರು, ಬೀಪ್ ಬಂತು. ಅವರದ್ದೇನೂ ಸುಳ್ಳಲ್ಲ. ಆದ್ರೆ ಲೆಕ್ಕ ಹಾಕಿ, ಸೆಲ್ಫ್ 120 ಆಂಪಿಯರ್ ಎಳೀತು ಅಂದ್ಕೊಂಡ್ರೆ ದಾರಿಲಿ 0.02 ಓಮ್ಸ್ ಇದ್ರೂ ಸಾಕು 2.4 ವೋಲ್ಟ್ ಅಲ್ಲೇ ಹೋಯ್ತು. ನಮ್ಮ ಮೀಟರಿನ ಎರಡು ವೈರ್ ತುದಿ ಒಂದಕ್ಕೊಂದು ಮುಟ್ಟಿಸಿದ್ರೇ 0.2, 0.3 ಓಮ್ಸ್ ತೋರ್ಸುತ್ತೆ. ಅದರ ಹತ್ತನೇ ಒಂದು ಭಾಗದ ಫಾಲ್ಟನ್ನ ಅದು ಹೇಗೆ ತೋರ್ಸುತ್ತೆ? ಬೀಪ್ ಅನ್ನೋದು ವೈರ್ ತುಂಡಾಗಿಲ್ಲ ಅಂತ ಹೇಳುತ್ತೆ ಅಷ್ಟೇ, ಒಂದು ಎಳೆ ಉಳಿದಿದ್ರೂ ಬೀಪ್ ಬರುತ್ತೆ.

ಹಾಗಾಗಿ ಓಮ್ಸ್ ಬಿಟ್ಟು ವೋಲ್ಟೇಜ್ ಡ್ರಾಪ್ ನೋಡ್ಬೇಕು, ಅದೂ ಕರೆಂಟ್ ಹರೀತಾ ಇರುವಾಗ. ಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ವೈರ್ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ (ಕ್ಲಾಂಪಿಗಲ್ಲ, ಸೀಸದ ಪೋಸ್ಟಿಗೇ), ಕೆಂಪು ವೈರ್ ಎಂಜಿನ್ ಬ್ಲಾಕಿಗೆ, ಭಾವ ಸೆಲ್ಫ್ ಹೊಡೆದ್ರು: 2.4 ವೋಲ್ಟ್. ಅರ್ಥ್ ಸರಿ ಇದ್ರೆ ಇದು 0.2, 0.3 ದಾಟಬಾರದು. ಅದೇ ಹೊತ್ತಲ್ಲಿ ಬ್ಯಾಟರಿ ಪೋಸ್ಟಲ್ಲಿ 10.1 ಇತ್ತು, ಆದ್ರೆ ಇಸಿಯು ಅರ್ಥ್ ತಗೊಳ್ಳೋದು ಎಂಜಿನ್ ಮೇಲಿಂದ, ಅದಕ್ಕೆ ಸಿಗ್ತಿದ್ದಿದ್ದು 7.7 ವೋಲ್ಟ್. ಬೆಳಿಗ್ಗೆ ಚಳಿಗೆ ಆಯಿಲ್ ಗಟ್ಟಿ, ಸೆಲ್ಫ್ ಇನ್ನೂ ಜಾಸ್ತಿ ಎಳೆಯುತ್ತೆ, ಇಸಿಯು ಮಲಗುತ್ತೆ. ಮಧ್ಯಾಹ್ನ ಹಗುರ, ಹಿಡಿಯುತ್ತೆ.

ಆಮೇಲೆ ದಾರಿನ ತುಂಡು ತುಂಡಾಗಿ ಅಳೆದೆ, ಪ್ರತಿ ಸಲ ಸೆಲ್ಫ್ ಹೊಡಿಸ್ತಾ. ಬ್ಲಾಕಿಂದ ಚಾಸಿಗೆ 0.2. ಬಾಡಿಯಿಂದ ಬ್ಯಾಟರಿ ಪೋಸ್ಟಿಗೆ 0.1. ಚಾಸಿಯಿಂದ ಬಾಡಿಗೆ 2.1!

ಇದೇ ಈ ಗಾಡಿಯ ಗುಟ್ಟು. ಎಸ್ಟೀಮ್‌ಗೆ ಚಾಸಿ ಬೇರೆ ಬಾಡಿ ಬೇರೆ ಅಂತ ಇಲ್ಲ, ಎಲ್ಲ ಒಂದೇ ತಗಡು. ಜಿಪ್ಸಿ ಹಾಗಲ್ಲ, ಕೆಳಗೆ ಏಣಿ ಥರ ಚಾಸಿ, ಅದರ ಮೇಲೆ ರಬ್ಬರ್ ಇಟ್ಟು ಬಾಡಿ, ಎಂಜಿನ್ನೂ ರಬ್ಬರ್ ಮೌಂಟ್ ಮೇಲೆ. ಅಂದ್ರೆ ಎಂಜಿನ್, ಚಾಸಿ, ಬಾಡಿ ಮೂರೂ ಬೇರೆ ಬೇರೆ ದ್ವೀಪ, ವೈರ್ ಹಾಕಿ ಸೇರ್ಸಿದ್ರೆ ಮಾತ್ರ ಒಂದು. ಹಳೆ ಎಂಜಿನ್ನಿನ ಜೊತೆ ಇದ್ದ ಅರ್ಥ್ ಪಟ್ಟಿ ಹೊಸದರಲ್ಲಿ ಆ ಬೋಲ್ಟ್ ಇಲ್ಲ ಅಂತ ಎಂಜಿನ್ನಿಂದ ಚಾಸಿಗೆ ಕಟ್ಟಿದ್ರು, ಬ್ಯಾಟರಿ ನೆಗೆಟಿವ್ ಬಾಡಿ ಮೇಲೆ ಇತ್ತು. ಚಾಸಿಗೂ ಬಾಡಿಗೂ ಇದ್ದ ಸಂಬಂಧ ನಾಲ್ಕು ತುಕ್ಕು ಬೋಲ್ಟಿಂದು, ಅದೂ ಎಂಜಿನ್ ಇಳಿಸಿದಾಗ ಹೇಗೂ ಖಾಲಿ ಇದೆಯಲ್ಲ ಅಂತ ಚಾಸಿಗೆಲ್ಲ ದಪ್ಪಗೆ ಕಪ್ಪು ಪೇಂಟ್ ಹೊಡಿಸಿದ್ರು. ಮಳೆಗಾಲಕ್ಕೆ ಒಳ್ಳೇದು, ಕರೆಂಟಿಗೆ ಅಲ್ಲ.

ಹೆಡ್‌ಲೈಟ್ ಹಾಕಿದ್ರೆ ಮುಳ್ಳು ಏಳ್ತಿದ್ದಿದ್ದಕ್ಕೂ ಕಾರಣ ಇದೇ, ಇದನ್ನ ಬಿಡಿಸಿಕೊಳ್ಳೋಕೆ ನನಗೆ ಅರ್ಧ ದಿನ ಬೇಕಾಯ್ತು. ಎಂಜಿನ್ ಓಡುವಾಗ ಹೆಡ್‌ಲೈಟಿಗೆ ಕರೆಂಟ್ ಕೊಡೋದು ಡೈನಮೋ (ಆಲ್ಟರ್ನೇಟರ್), ಅದರ ಮೈ ಎಂಜಿನ್ ಮೇಲಿದೆ, ಹೆಡ್‌ಲೈಟಿನ ಅರ್ಥ್ ಬಾಡಿ ಮೇಲೆ. ಬಾಡಿಯಿಂದ ಡೈನಮೋಗೆ ಕರೆಂಟ್ ವಾಪಸ್ ಹೋಗುವಾಗ ಈ ಕೆಟ್ಟ ಜಾಯಿಂಟ್ ದಾಟ್ಬೇಕು, ಹಾಗಾಗಿ ಎಂಜಿನ್ ಬಾಡಿಗಿಂತ ಸ್ವಲ್ಪ ಕೆಳಗಿನ ವೋಲ್ಟೇಜಿಗೆ ಇಳಿಯುತ್ತೆ. ಎಂಜಿನ್ ಮೇಲೆ ಕೂತು ಬಿಸಿ ಅಳೆಯೋ ಟೆಂಪರೇಚರ್ ಸೆಂಡರ್‌ಗೆ ಒಂದೇ ವೈರು, ಅದರ ಅರ್ಥ್ ಎಂಜಿನ್ನೇ. ಎಂಜಿನ್ನಿನ ವೋಲ್ಟೇಜ್ ಕೆಳಗಿಳಿದ್ರೆ ಡ್ಯಾಶಿನ ಮೀಟರಲ್ಲಿ ಹರಿಯೋ ಕರೆಂಟ್ ಜಾಸ್ತಿ, ಮುಳ್ಳು ಮೇಲೆ. ನೀರು ಕಾದಿರ್ಲಿಲ್ಲ, ಭಾವ ಸುಮ್ನೆ ಥರ್ಮೋಸ್ಟಾಟ್ ಬದಲಾಯಿಸಿದ್ರು.

ದಪ್ಪ ವೈರಲ್ಲಿ ಎರಡು ಅರ್ಥ್ ಮಾಡಿದೆ, ಒಂದು ಬ್ಯಾಟರಿ ನೆಗೆಟಿವ್‌ನಿಂದ ನೇರ ಸೆಲ್ಫ್ ಕೂತಿರೋ ಬೋಲ್ಟಿಗೆ, ಇನ್ನೊಂದು ಚಾಸಿಯಿಂದ ಬಾಡಿಗೆ, ಎರಡೂ ಕಡೆ ಪೇಂಟ್ ಕೆರೆದು ಹೊಳೆಯೋ ಹಾಗೆ ಮಾಡಿ, ಬಿಗಿ ಮಾಡಿದ ಮೇಲೆ ಗ್ರೀಸ್. ಈಗ ಸೆಲ್ಫ್ ಹೊಡೆದ್ರೆ ಬ್ಲಾಕಿಂದ ಪೋಸ್ಟಿಗೆ 0.15. ಮೂರನೇ ಕೇಬಲ್ ಇವತ್ತಿಗೂ ಅದೇ ಇದೆ.

ಇನ್ನು ನನ್ನ ರಿಲೇ. ಅರ್ಥ್ ಸರಿ ಆದ ದಿನಾನೇ ಸಾಯಂಕಾಲ ಭಾವ ಕೀ ಆಫ್ ಮಾಡಿದ್ರು, ಎಂಜಿನ್ ನಿಲ್ಲಲೇ ಇಲ್ಲ. ಕೀ ಕೈಲಿದೆ, ಗಾಡಿ ಓಡ್ತಿದೆ. ಅಕ್ಕ ಜಗಲಿ ಮೇಲಿಂದ "ಏನೋ ಮಾಡಿಟ್ಟೆ" ಅಂತ ನಗ್ತಿದ್ಳು. ಗೇರ್ ಹಾಕಿ ಕ್ಲಚ್ ಬಿಟ್ಟು ಆಫ್ ಮಾಡಿದ್ವಿ. ಮತ್ತೆ ಸ್ಟಾರ್ಟ್ ಮಾಡಿ ಆಫ್ ಮಾಡಿ ನೋಡಿದ್ರೆ, ಕೀ ತೆಗೆದ ಮೇಲೆ ಡ್ಯಾಶಲ್ಲಿ ಎಲ್ಲ ಲೈಟ್ ಆರಿದೆ, ಬ್ಯಾಟರಿ ಚಾರ್ಜ್ ಲ್ಯಾಂಪ್ ಒಂದು ಮಾತ್ರ ಮಂಕಾಗಿ ಉರೀತಿದೆ. ಎಂಜಿನ್ ಓಡುವಾಗ ಆರಿರ್ಬೇಕಾದ ಲೈಟು, ಕೀ ಇಲ್ಲದಾಗ ಉರಿಯುತ್ತೆ ಅಂದ್ರೆ ಅದರಲ್ಲಿ ಕರೆಂಟ್ ಉಲ್ಟಾ ಹರೀತಿದೆ.

ಚಾರ್ಜ್ ಲ್ಯಾಂಪ್ ಬರೀ ಲೈಟಲ್ಲ, ಕೀ ಆನ್ ಮಾಡಿದಾಗ ಅದರ ಮೂಲಕವೇ ಡೈನಮೋಗೆ ಮೊದಲ ಕರೆಂಟ್ ಹೋಗೋದು. ಎಂಜಿನ್ ಓಡೋಕೆ ಶುರುವಾದ್ರೆ ಆ ತುದಿಗೂ 14 ವೋಲ್ಟ್ ಬರುತ್ತೆ, ಎರಡೂ ಕಡೆ ಸಮ ಆಗಿ ಲೈಟ್ ಆರುತ್ತೆ. ಲ್ಯಾಂಪಿನ ಸಪ್ಲೈಯನ್ನ ನಾನು ಹೊಸ ರಿಲೇಯ 87ಕ್ಕೇ ಹಾಕಿದ್ದೆ, ಅಲ್ಲೇ ಇಸಿಯುಗೆ ಕರೆಂಟ್ ಕೊಡೋ ಮೇನ್ ರಿಲೇಯ ಕಾಯಿಲೂ ಇತ್ತು. ಕೀ ಆಫ್ ಆದ್ರೆ ನನ್ನ ರಿಲೇ ಬಿಡುತ್ತೆ, ಆದ್ರೆ ಡೈನಮೋ ಇನ್ನೂ ತಿರುಗ್ತಿದೆ, ಅದರ 14 ವೋಲ್ಟ್ ಲ್ಯಾಂಪ್ ಮೂಲಕ ಉಲ್ಟಾ ಬಂದು ಮೇನ್ ರಿಲೇಯನ್ನ ಹಿಡ್ಕೊಳ್ಳುತ್ತೆ. ರಿಲೇ ಎಳೆಯೋಕೆ ಬೇಕಾದಷ್ಟು ಕರೆಂಟ್ ಹಿಡಿದಿಟ್ಕೊಳ್ಳೋಕೆ ಬೇಡ, ಸಣ್ಣ ಬಲ್ಬಲ್ಲಿ ಬರೋ ಚೂರು ಕರೆಂಟೇ ಧಾರಾಳ ಸಾಕು. ಹಳೆ ಎಂಜಿನ್ನಲ್ಲಿ ಹೀಗಾಗ್ತಿರ್ಲಿಲ್ಲ, ಅಲ್ಲಿ ಆ ಲೈನಲ್ಲಿ ನೇರ ಇಗ್ನಿಷನ್ ಕಾಯಿಲ್ ಇತ್ತು, ಅದಕ್ಕೆ ಆಂಪಿಯರ್‌ಗಟ್ಟಲೆ ಬೇಕು, ಬಲ್ಬಿನ ಕರೆಂಟಿಗೆ ಸ್ಪಾರ್ಕ್ ಬರಲ್ಲ. ಅನುಮಾನ ಖಾತ್ರಿ ಮಾಡ್ಕೊಳ್ಳೋಕೆ ಕೀ ತೆಗೆದು ಎಂಜಿನ್ ಓಡ್ತಿರುವಾಗ್ಲೇ ಲ್ಯಾಂಪಿಂದ ಡೈನಮೋಗೆ ಹೋಗೋ ವೈರ್ ಬಿಚ್ಚಿದೆ, ತಕ್ಷಣ ನಿಲ್ತು. (ದಪ್ಪ ಬ್ಯಾಟರಿ ವೈರನ್ನ ಮಾತ್ರ ಎಂಜಿನ್ ಓಡುವಾಗ ಬಿಚ್ಬೇಡಿ, ಡೈನಮೋ ಹೋಗುತ್ತೆ, ಇಸಿಯುನೂ ಹೋಗ್ಬಹುದು.) ಅದೇ ಸಣ್ಣ ವೈರಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನ ಒಂದೇ ಕಡೆಗೆ ಬಿಡೋದು), ಬಿಳಿ ಗೆರೆ ಇರೋ ತುದಿ ಡೈನಮೋ ಕಡೆ. ಐದು ರೂಪಾಯಿ ಒಳಗಿನ ಸಾಮಾನು, ಮುಗೀತು.

ಕೊನೇದು ಎಲ್ಲಕ್ಕಿಂತ ಸತಾಯಿಸಿದ್ದು. ಗಾಡಿ ಮನೆ ಹತ್ರ ಎಲ್ಲ ಓಡುತ್ತೆ, ತೋಟದ ಏರು ಹತ್ತುವಾಗ ಫಸ್ಟ್ ಗೇರಲ್ಲಿ ಟಪ್ ಅಂತ ನಿಲ್ಲುತ್ತೆ, ನೋಡಿದ್ರೆ ಇಂಜೆಕ್ಷನ್ನಿನ 15 ಆಂಪಿಯರ್ ಫ್ಯೂಸ್ ಹೋಗಿರುತ್ತೆ. ಬದಲಾಯಿಸಿದ್ರೆ ಎರಡು ದಿನ ಓಡುತ್ತೆ. ಭಾವ 30ರ ಫ್ಯೂಸ್ ಹಾಕ್ಲಾ ಅಂದ್ರು, ಬೇಡ ಅಂತ ಕೈ ಮುಗ್ದೆ, ಆಮೇಲೆ ಫ್ಯೂಸ್ ಬದಲು ವೈರೇ ಉರಿಯುತ್ತೆ.

ಒಂದೇ ಫ್ಯೂಸಲ್ಲಿ ಇಂಜೆಕ್ಟರು, ಕಾಯಿಲ್, ಐಡಲ್ ವಾಲ್ವ್, ಆಕ್ಸಿಜನ್ ಸೆನ್ಸರಿನ ಹೀಟರ್ ನಾಲ್ಕೂ ಇತ್ತು. ಶೆಡ್ಡಲ್ಲಿ ನಿಂತಾಗ ಎಷ್ಟು ಅಲ್ಲಾಡ್ಸಿದ್ರೂ ಶಾರ್ಟ್ ಆಗ್ತಿರ್ಲಿಲ್ಲ. ಹಾಗಾಗಿ ನಾಲ್ಕಕ್ಕೂ ಬೇರೆ ಬೇರೆ ಸಣ್ಣ ಫ್ಯೂಸ್ ಹಾಕಿ ಓಡಿಸ್ಕೊಳ್ಳಿ ಅಂತ ಬಂದುಬಿಟ್ಟೆ. ನಾಲ್ಕು ದಿನಕ್ಕೆ ಫೋನ್ ಬಂತು, ಏರಲ್ಲಿ ಈ ಸಲ ನಿಲ್ಲಲಿಲ್ಲ, ಆದ್ರೆ ಸೆನ್ಸರ್ ಹೀಟರಿನ ಫ್ಯೂಸ್ ಹೋಗಿದೆ. ಮನೆಲಿ ಕೂತೇ ಮುಕ್ಕಾಲು ಕೆಲಸ ಆಯ್ತು.

ಮುಂದಿನ ಸಲ ಆ ಫ್ಯೂಸ್ ಜಾಗಕ್ಕೆ ಒಂದು 21 ವ್ಯಾಟ್ ಇಂಡಿಕೇಟರ್ ಬಲ್ಬ್ ಸಿಕ್ಕಿಸಿದೆ. ಹೀಟರ್ ಮೂಲಕ ಕರೆಂಟ್ ಹೋದ್ರೆ ಬಲ್ಬ್ ಮಂಕು, ವೈರ್ ಎಲ್ಲಾದ್ರೂ ಕಬ್ಬಿಣ ಮುಟ್ಟಿದ್ರೆ ಪೂರ್ತಿ ಬೆಳಕು, ಫ್ಯೂಸ್ ಒಂದಾದ ಮೇಲೊಂದು ಸುಡೋ ಖರ್ಚೂ ಇಲ್ಲ. ಭಾವ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಫಸ್ಟ್ ಗೇರಲ್ಲಿ ಕ್ಲಚ್ ಮೆಲ್ಲಗೆ ಬಿಟ್ರು, ನಾನು ಗಾಡಿ ಮುಂದೆ ನಿಲ್ಲದೆ ಪಕ್ಕದಿಂದ ಬಗ್ಗಿ ನೋಡ್ತಿದ್ದೆ. ಎಂಜಿನ್ ಮೌಂಟ್ ಮೇಲೆ ಒಂದು ಕಡೆಗೆ ಹೊರಳ್ತು, ಬಲ್ಬ್ ಫಳ್ ಅಂತ ಉರೀತು. ಕ್ಲಚ್ ಒತ್ತಿದ್ರೆ ಮಂಕು, ಬಿಟ್ರೆ ಫಳ್. ಉದ್ದ ಸಾಲದೆ ಎಳೆದು ಕಟ್ಟಿದ್ದ ಸೆನ್ಸರ್ ವೈರು ಎಂಜಿನ್ ಹೊರಳಿದಾಗ ಬಿಗಿ ಆಗಿ ಸೈಲೆನ್ಸರ್ ಪೈಪಿನ ಕ್ಲಾಂಪಿಗೆ ಒತ್ತುತ್ತಿತ್ತು, ಒಳಗಡೆ ಇನ್ಸುಲೇಷನ್ ಕರಗಿ ತಾಮ್ರ ಉಗುರಿನಷ್ಟು ಉದ್ದ ಕಾಣ್ತಿತ್ತು, ಮೇಲಿಂದ ನೋಡಿದ್ರೆ ವೈರ್ ಚೆನ್ನಾಗೇ ಇದೆ. ಏರಲ್ಲಿ ಮಾತ್ರ ಅಷ್ಟು ಹೊರಳುತ್ತೆ. ಸಮ ರಸ್ತೆಲಿ ಇಲ್ಲ.

ಆಮೇಲೆ ಕೂತು ಹದಿನೇಳೂ ಜಾಯಿಂಟ್ ಬಿಚ್ಚಿ ಅದೇ ದಪ್ಪದ ವೈರ್ ಹಾಕಿ ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗೆ ಒತ್ತಿ ಸೇರಿಸಿ), ಒಳಗೆ ಅಂಟು ಇರೋ ಸ್ಲೀವ್ ಕಾಯಿಸಿ ಕೂರಿಸಿದೆ. ಬೆಸುಗೆ ಹಾಕ್ಬೇಕಿತ್ತು ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ, ಸೀಸ ವೈರಿನ ಎಳೆ ಒಳಗೆ ಹರಿದು ಅಷ್ಟು ಉದ್ದ ಕಡ್ಡಿ ಥರ ಗಟ್ಟಿ ಆಗುತ್ತೆ, ಎಂಜಿನ್ ಅದುರೋ ಜಾಗದಲ್ಲಿ ಆ ಗಟ್ಟಿ ಮುಗಿಯೋ ಕಡೆಗೇ ಮುರಿಯುತ್ತೆ. ಪ್ಯಾನಲ್ ಬೋರ್ಡಲ್ಲಿ ಬೇರೆ ಮಾತು.

ಗಾಡಿ ಈಗ ಎರಡನೇ ಮಳೆಗಾಲ ಕಳೀತಿದೆ. ಎಂಜಿನ್ ನಂಬರ್ ಬದಲಾದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಲಿ ಬರೆಸ್ಬೇಕು, ಅನುಮತಿ ಮೊದಲೇ ತಗೋಬೇಕಿತ್ತು, ಭಾವ ಆಮೇಲೆ ಓಡಾಡಿದ್ರು, ಅದರ ಕಥೆ ಅವರನ್ನೇ ಕೇಳ್ಬೇಕು. ಆರೂವರೆ ಸಾವಿರ ಕೊಟ್ಟು ತಂದಿದ್ದ ಎರಡನೇ ಇಸಿಯು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಏಲಕ್ಕಿ ಡಬ್ಬದ ಪಕ್ಕ ಇಟ್ಟಿದ್ದಾರೆ, ಹೋದಾಗೆಲ್ಲ "ಇದನ್ನ ಯಾರಾದ್ರೂ ತಗೋತಾರಾ ಕೇಳೋ" ಅಂತಾರೆ.